ಬೇರೆ ಬಣ್ಣದ ಅಂಗಿ

ಕೇಳುಗರಿಗೆ ನಮಸ್ಕಾರ. ನಾನು ಶಿರಸಿಯಲ್ಲಿ ಮಕ್ಕಳ ವೈದ್ಯ.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ 13 ವರ್ಷದ ಮಗನನ್ನು ಕರೆದುಕೊಂಡು ಬಂದರು. ಎತ್ತರ ಅಳೆಯುವಾಗ ಹುಡುಗ ಮೆಲ್ಲಗೆ ಹಿಮ್ಮಡಿ ಎತ್ತಿದ. "ಅಪ್ಪಿ, ಕಾಲು ಕೆಳಗಿಡು" ಅಂದೆ. ಇಟ್ಟ, ಮುಖ ಸಣ್ಣದಾಯಿತು. ಗಿಡ್ಡ ಅಂತ ಶಾಲೆಯ ವಾಲಿಬಾಲ್ ತಂಡಕ್ಕೆ ಅವನನ್ನು ಸೇರಿಸಿರಲಿಲ್ಲ.

"ಡಾಕ್ಟ್ರೇ, ಉದ್ದ ಆಗೋ ಇಂಜೆಕ್ಷನ್ ಇದೆಯಂತಲ್ಲ. ಬಂಗಾರ ಒತ್ತೆ ಇಟ್ಟಾದ್ರೂ ಕೊಡಿಸ್ತೇವೆ."

ಇದೆ, ಬೆಳವಣಿಗೆ ಹಾರ್ಮೋನು. ಮೊದಲು ಅದನ್ನು ಸತ್ತವರ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದನ್ನು ಪಡೆದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ಬಂತು. 1985ರಲ್ಲಿ ಅಮೆರಿಕದಲ್ಲಿ ಆ ಔಷಧಿ ಕೊಡುವುದು ನಿಂತಿತು, ಅದೇ ವರ್ಷ ಲ್ಯಾಬಿನಲ್ಲಿ ಮಾಡಿದ್ದು ಬಂತು. ಔಷಧಿ ಬೇಕಾದಷ್ಟು ಸಿಗತೊಡಗಿದ ಮೇಲೆ ಆಸೆಯೂ ಬೆಳೆಯಿತು. ಹಾರ್ಮೋನಿನ ಕೊರತೆಯೇ ಇಲ್ಲದ, ಸುಮ್ನೆ ತುಂಬಾ ಗಿಡ್ಡಗಿರುವ ಮಕ್ಕಳಿಗೂ ಕೊಡಬಹುದು ಅಂತ 2003ರಲ್ಲಿ ಅಮೆರಿಕ ಒಪ್ಪಿತು. ವರ್ಷಗಟ್ಟಲೆ ಸೂಜಿ. ಸಿಗೋದು ಕೆಲವೇ ಸೆಂಟಿಮೀಟರ್.

ಈ ಹುಡುಗನ ರಕ್ತಪರೀಕ್ಷೆ ಸರಿಯಿತ್ತು. ಎಡಗೈ ಎಕ್ಸ್‌ರೇಯಲ್ಲಿ ಎಲುಬು ಇನ್ನೂ ಬೆಳೆಯೋದಿದೆ ಅಂತ ಕಂಡಿತು. ಅಪ್ಪ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ, ಅವರೂ ಗಿಡ್ಡ. ಆ ಮೈಯಲ್ಲೇ ಮರದಿಂದ ಮರಕ್ಕೆ ದಾಟುತ್ತಾರೆ. ಅದು ರೋಗ ಅಲ್ಲ, ಅಲ್ವಾ?

ಕೆಲವು ಕಡೆ ಕಾನೂನು ಗಟ್ಟಿಯಾಗಿದೆ. ಕ್ರೀಡೆಯಲ್ಲಿ ಈ ಹಾರ್ಮೋನು ನಿಷಿದ್ಧ, 2022ರಲ್ಲಿ ನಮ್ಮ ಸಂಸತ್ತು ಉದ್ದೀಪನ ಮದ್ದಿನ ವಿರುದ್ಧ ಕಾಯ್ದೆಯನ್ನೇ ಮಾಡಿದೆ. ಅಂದರೆ ವಾಲಿಬಾಲಿಗಾಗಿ ಚುಚ್ಚಿಸಿಕೊಳ್ಳುತ್ತಿರುವ ಹುಡುಗ ದೊಡ್ಡ ಪಂದ್ಯಕ್ಕೆ ಇಳಿದರೆ ತಪ್ಪಿತಸ್ಥನಾಗಬಹುದು. ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸಿದ ವಿಜ್ಞಾನಿ ಹೆ ಜಿಯಾನ್‌ಕುಯಿಗೆ 2019ರಲ್ಲಿ ಚೀನಾದ ಕೋರ್ಟು 3 ವರ್ಷ ಜೈಲು ಕೊಟ್ಟಿತು. ಆದರೆ ಮನೆಯೊಳಗೆ ಹುಟ್ಟುವ ಇಂಥ ಆಸೆ ಕೊನೆಗೆ ಬಂದು ನಿಲ್ಲೋದು ಡಾಕ್ಟರ ಚೀಟಿಯ ಮುಂದೆ. ಆ ಪೆನ್ನು ನನ್ನ ಕೈಯಲ್ಲಿತ್ತು. ಭಾರ ಅನಿಸಿತು. ನಾಳೆ ಪಕ್ಕದ ಮನೆಯವರೂ ಕೊಡಿಸಿದರೆ ಇವನು ಮತ್ತೆ ಗಿಡ್ಡನೇ. ಸೂಜಿ ಮಾತ್ರ ಎಲ್ಲ ಮಕ್ಕಳಿಗೂ ತಗುಲಿರುತ್ತದೆ.

ನಾನು ಬರೆಯಲಿಲ್ಲ. ತಾಯಿಗೆ ಬೇಜಾರಾಯಿತು.

ಹುಡುಗನಿಗೆ ಒಂದು ವಿಷಯ ಹೇಳಿದೆ. ವಾಲಿಬಾಲಿನವರು 1998ರಲ್ಲಿ ನಿಯಮವನ್ನೇ ಬದಲಿಸಿ ಲಿಬೆರೊ ಅಂತ ಒಂದು ಜಾಗ ಮಾಡಿದರು. ಆ ಜಾಗದ ಆಟಗಾರ ಸ್ಮ್ಯಾಷ್ ಹೊಡೆಯುವ ಹಾಗಿಲ್ಲ, ನೆಲಕ್ಕೆ ಬೀಳುವ ಚೆಂಡು ಎತ್ತಬೇಕು. ಅಲ್ಲಿ ಎತ್ತರಕ್ಕಿಂತ ಚುರುಕು ಮುಖ್ಯ. ಅಂಗಿಯ ಬಣ್ಣವೂ ಬೇರೆ.

"ಬೇರೆ ಬಣ್ಣನಾ?" ಅಂದ. ಆ ಸಂಜೆ ಅವನ ಪಿಟಿ ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ.