ಕೈ ಪಳಗುವ ತನಕ

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲೇ ಕೂರಬೇಕಾದ ದಿನಗಳು ಹೇಳಿ ಕೇಳಿ ಬರುವುದಿಲ್ಲ. ಕಾಲು ಮುರಿದಿರಬಹುದು. ಆಪರೇಷನ್ ಆಗಿ, ಒಂದೆರಡು ತಿಂಗಳು ಓಡಾಡಬೇಡಿ ಅಂತ ಡಾಕ್ಟರು ಹೇಳಿರಬಹುದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೊಣೆ ಬಿದ್ದಿರಬಹುದು. ಒಂದು ಕೆಲಸ ಹೋಗಿ ಇನ್ನೊಂದು ಸಿಗದೆ ಕಾಯುತ್ತಿರಬಹುದು. 2020ರಲ್ಲಂತೂ ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಾಗಿಲು ಹಾಕಿಕೊಂಡು ಒಳಗೇ ಇದ್ದರು.

ಇಂಥ ಹೊತ್ತಿನಲ್ಲಿ ಸುತ್ತಲಿನವರು ಒಂದು ಸಲಹೆ ಕೊಡುತ್ತಾರೆ. ‘ಸುಮ್ನೆ ಕೂರೋ ಬದಲು ಏನಾದರೂ ಹೊಸದು ಕಲೀಬಾರದಾ?’ ಒಳ್ಳೆಯ ಸಲಹೆಯೇ. ಆದರೆ ಏನು, ಹೇಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾವೂ ಹುರುಪಿನಲ್ಲಿ ಕೂತು ಒಂದು ಪಟ್ಟಿ ಬರೆಯುತ್ತೇವೆ. ಗಿಟಾರ್, ಹೊಸ ಭಾಷೆ, ಚಿತ್ರಕಲೆ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಹೊಲಿಗೆ, ಫೋಟೋಗ್ರಫಿ. ಯಾವುದನ್ನೂ ಬಿಡುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಆ ಚೀಟಿ ಎಲ್ಲಿ ಹೋಯಿತು ಅಂತಲೂ ನೆನಪಿರುವುದಿಲ್ಲ. ಆರಂಭಶೂರರು ಅನ್ನುತ್ತಾರಲ್ಲ, ಥೇಟ್ ಹಾಗೆ. ಪಟ್ಟಿ ಉದ್ದವಾದಷ್ಟೂ ಕಲಿಯುವುದು ಕಡಿಮೆ ಅನ್ನುವುದು ನನ್ನ ಲೆಕ್ಕ. ಒಂದೇ ಒಂದನ್ನು ಇಟ್ಟುಕೊಳ್ಳಿ. ಅದೂ ಕೈಯಲ್ಲಿ ಮಾಡಿ ನೋಡಬಹುದಾದ ಸಣ್ಣ ಕೆಲಸವಾಗಿರಲಿ.

ಈ ವಿಷಯ ಬಂದಾಗಲೆಲ್ಲ ನ್ಯೂಟನ್ ಹೆಸರು ಬಂದೇ ಬರುತ್ತದೆ. 1665ರಲ್ಲಿ ಪ್ಲೇಗ್ ಹರಡಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುಚ್ಚಿತು. ಆಗ ನ್ಯೂಟನ್‌ಗೆ 22 ವರ್ಷ. ವೂಲ್ಸ್‌ಥಾರ್ಪ್‌ನಲ್ಲಿದ್ದ ಮನೆಗೆ ಹೋದರು. ಅಲ್ಲಿದ್ದಾಗಲೇ ಗಣಿತದಲ್ಲಿ, ಬೆಳಕಿನ ವಿಷಯದಲ್ಲಿ, ಗುರುತ್ವದ ವಿಷಯದಲ್ಲಿ ದೊಡ್ಡ ದೊಡ್ಡ ಯೋಚನೆಗಳು ಹುಟ್ಟಿದವು. ಎಲ್ಲ ನಿಜ. ಆದರೆ ಅವರು ಅದಕ್ಕೂ ಮೊದಲೇ, 1664ರಲ್ಲೇ, ಗಣಿತದಲ್ಲಿ ಮುಳುಗಿಹೋಗಿದ್ದರು. ಮನೆಗೆ ಹೋದ ಮೇಲೆ ಅದನ್ನೇ ಮುಂದುವರಿಸಿದರು. ಜೊತೆಗೆ, ಹಠ ಮಾಡುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವರೇನೂ ಲೆಕ್ಕ ಮಾಡಲಿಲ್ಲ! ಮನೆಯಲ್ಲಿ ಸಿಕ್ಕಿಹಾಕಿಕೊಂಡವರ ಮುಂದೆ ನ್ಯೂಟನ್ ಕತೆ ಹೇಳುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಅದಕ್ಕಿಂತ ನನಗೆ ಫ್ರಾನ್ಸಿನ ಚಿತ್ರಕಾರ ಆನ್ರಿ ಮಾಟೀಸ್ ಹತ್ತಿರ ಅನ್ನಿಸುತ್ತಾರೆ. ಅವರು ಕಾನೂನು ಓದಿ, ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಅಪೆಂಡಿಸೈಟಿಸ್ ಆಗಿ ಹಾಸಿಗೆ ಹಿಡಿದರು. ಹೊತ್ತು ಹೋಗಲಿ ಅಂತ ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಅಷ್ಟೆ, ವಕೀಲಿಕೆ ಹಿಂದೆ ಬಿತ್ತು. ಕತೆ ಅಲ್ಲಿಗೇ ಮುಗಿಯಲಿಲ್ಲ. 1941ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಆಮೇಲೆ ಚಿತ್ರದ ಹಲಗೆಯ ಮುಂದೆ ಗಂಟೆಗಟ್ಟಲೆ ನಿಲ್ಲಲು ಆಗುತ್ತಿರಲಿಲ್ಲ. ಆಗ ಕೈಗೆ ಕತ್ತರಿ ತೆಗೆದುಕೊಂಡರು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುವುದು, ಇವರು ಕೂತಲ್ಲೇ ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುವುದು, ಅವರು ಅದನ್ನು ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸುವುದು. ಕತ್ತರಿ ಅವರಿಗೆ ಹೊಸದೇನಲ್ಲ, ಮೊದಲೂ ಬಳಸಿದ್ದರು. ಆದರೆ ಈಗ ಅದೇ ಮುಖ್ಯವಾಯಿತು. ಕೂತಲ್ಲಿಂದ ಏನು ಮಾಡಬಹುದೋ ಅದನ್ನೇ ಹಿಡಿದರು ನೋಡಿ. ನನಗೆ ಇಷ್ಟವಾಗುವುದು ಅದೇ.

ಈಗ ಹೇಗೆ ಕಲಿಯುವುದು ಅನ್ನುವುದಕ್ಕೆ ಬರೋಣ. ಇವತ್ತು ಕಲಿಯಬೇಕು ಅಂದ ಕೂಡಲೇ ಕೈ ಹೋಗುವುದು ಫೋನಿಗೆ. ಒಂದು ವಿಡಿಯೋ ನೋಡುತ್ತೇವೆ. ಮಾಡುವವರ ಕೈ ಎಷ್ಟು ಸಲೀಸಾಗಿ ಓಡುತ್ತದೆ! ಇನ್ನೊಂದು ನೋಡುತ್ತೇವೆ. ರಾತ್ರಿಯಾಗುವಷ್ಟರಲ್ಲಿ, ‘ಓ, ಇಷ್ಟೇನಾ?’ ಅನ್ನಿಸಿರುತ್ತದೆ. ಎಡವಟ್ಟಾಗುವುದೇ ಅಲ್ಲಿ.

ಷಿಕಾಗೋ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಾಯನ್ ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಗುರಿಹಲಗೆಗೆ ಡಾರ್ಟ್ ಎಸೆಯುವ ಆಟ ಇದೆಯಲ್ಲ, ಅದರ ವಿಡಿಯೋವನ್ನು ಕೆಲವರಿಗೆ ಒಂದೇ ಸಲ ತೋರಿಸಿದರು. ಇನ್ನು ಕೆಲವರಿಗೆ 20 ಸಲ. ಇಪ್ಪತ್ತು ಸಲ ನೋಡಿದವರಿಗೆ ತಾವು ಚೆನ್ನಾಗಿ ಎಸೆಯಬಲ್ಲೆವು ಅನ್ನುವ ಧೈರ್ಯ ಜಾಸ್ತಿ ಬಂತು. ಕೈಗೆ ಡಾರ್ಟ್ ಕೊಟ್ಟು ಎಸೆಸಿದಾಗ? ಒಂದೇ ಸಲ ನೋಡಿದವರಿಗಿಂತ ಅವರದೇನೂ ಮೇಲಾಗಿರಲಿಲ್ಲ. ಧೈರ್ಯ ಬೆಳೆದಿತ್ತು, ಕೈ ಬೆಳೆದಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸೊಗಸಾದ ಸಂಗತಿ ಇದೆ. ಕೈಚಳಕದ ಆಟದವರು ಗಾಳಿಗೆ ಎಸೆದು ಹಿಡಿಯುವ ಕೋಲುಗಳಿರುತ್ತವಲ್ಲ, ಆ ವಿಡಿಯೋ ನೋಡಿದವರ ಕೈಗೆ ಕೋಲುಗಳನ್ನು ಸ್ವಲ್ಪ ಹೊತ್ತು ಕೊಟ್ಟರು. ಎಸೆಯಲು ಅಲ್ಲ, ಸುಮ್ನೆ ಹಿಡಿದುಕೊಳ್ಳಲು. ಅಷ್ಟಕ್ಕೇ ಆ ಹುಸಿ ಧೈರ್ಯ ಇಳಿಯಿತು!

ಹಾಗಾಗಿ ನನ್ನದೊಂದು ನಿಯಮ. ವಿಡಿಯೋ ನೋಡಬೇಕಾದರೆ ಆ ಸಾಮಾನು ಕೈಯಲ್ಲಿರಬೇಕು. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ. ಆಮೇಲೆ ಮುಂದಿನದು. ಸಾಮಾನು ಮನೆಯಲ್ಲಿ ಇಲ್ಲದಿದ್ದರೆ ಆ ವಿಡಿಯೋ ಮನರಂಜನೆ. ಮನರಂಜನೆ ತಪ್ಪೇನಲ್ಲ. ಅದನ್ನು ಕಲಿಕೆ ಅಂತ ಲೆಕ್ಕಕ್ಕೆ ಬರೆದುಕೊಳ್ಳಬಾರದು, ಅಷ್ಟೆ.

ಈ ವಿಷಯದಲ್ಲಿ ಬಾನುಲಿಗೆ ಒಂದು ಅನುಕೂಲ ಇದೆ. ನಾನು ನಿಮಗೆ ಏನನ್ನೂ ತೋರಿಸಲಾರೆ. ನಾನು ಹೇಳಬೇಕು, ನಿಮ್ಮ ಕೈ ಮಾಡಬೇಕು. ಬನ್ನಿ, ಒಂದು ಸಣ್ಣ ಕೆಲಸ ನೋಡೋಣ. ಅಂಗಿಯ ಗುಂಡಿ ಹೊಲಿಯುವುದು. ನಗಬೇಡಿ. ಗುಂಡಿ ಹೊಲಿಯಲು ಬರುತ್ತದೆ ಅನ್ನುವವರು ತುಂಬ ಜನ. ಅವರು ಹೊಲಿದ ಗುಂಡಿ ಬಾಳುವುದು ಎಷ್ಟು ದಿನ ಅನ್ನುವುದು ಬೇರೆ ಪ್ರಶ್ನೆ.

ಸೂಜಿಗೆ ದಾರ ಪೋಣಿಸಿ. ಎರಡೆಳೆ ಮಾಡಿ ತುದಿಗೆ ಗಂಟು ಹಾಕಿ. ಗುಂಡಿ ಕೂರಬೇಕಾದ ಜಾಗದಲ್ಲಿ ಬಟ್ಟೆಯ ಹಿಂದಿನಿಂದ ಸೂಜಿಯನ್ನು ಮೇಲೆ ತನ್ನಿ. ಒಂದು ತೂತಿನಿಂದ ಹೊರಗೆ, ಪಕ್ಕದ ತೂತಿನಿಂದ ಒಳಗೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಕೆಡುವುದು ಮುಂದೆ. ಗುಂಡಿ ಬಟ್ಟೆಗೆ ಅಂಟಿಕೊಳ್ಳುವ ಹಾಗೆ ದಾರವನ್ನು ಬಿಗಿಯಾಗಿ ಎಳೆದುಬಿಡುತ್ತೇವೆ. ಆಮೇಲೆ ಕಾಜಾಕ್ಕೆ ಹಾಕಿದರೆ ಮೇಲಿನ ಪದರದ ಬಟ್ಟೆ ಕೂರಲು ಜಾಗವೇ ಇರುವುದಿಲ್ಲ. ಬಟ್ಟೆ ಮುದುರುತ್ತದೆ. ದಿನಾ ಜಗ್ಗಿ ಜಗ್ಗಿ ದಾರ ಸವೆಯುತ್ತದೆ. ಒಂದು ದಿನ ಗುಂಡಿ ಮತ್ತೆ ಕೈಗೆ ಬರುತ್ತದೆ.

ಅದಕ್ಕೇ ಗುಂಡಿಯ ಮೇಲೆ, ತೂತುಗಳ ನಡುವೆ, ಒಂದು ಬೆಂಕಿಕಡ್ಡಿ ಅಡ್ಡ ಇಡಿ. ದಾರ ಕಡ್ಡಿಯ ಮೇಲಿಂದ ಹಾದುಹೋಗುವ ಹಾಗೆ ಹೊಲಿಯಿರಿ. ಒಂದೊಂದು ಜೋಡಿ ತೂತಿಗೆ ಮೂರ್ನಾಲ್ಕು ಸಲ ಸಾಕು. ಈಗ ಕಡ್ಡಿ ಎಳೆದು ತೆಗೆಯಿರಿ. ದಾರ ಸಡಿಲ ಆಯಿತಲ್ವಾ? ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಸೂಜಿಯನ್ನು ಬಟ್ಟೆಗೂ ಗುಂಡಿಗೂ ನಡುವೆ ತಂದು, ಅಲ್ಲಿರುವ ದಾರಗಳ ಸುತ್ತ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಗುಂಡಿಗೆ ಒಂದು ಪುಟ್ಟ ಕುತ್ತಿಗೆ ಬರುತ್ತದೆ. ಸೂಜಿಯನ್ನು ಹಿಂಬದಿಗೆ ಇಳಿಸಿ, ಗಂಟು ಹಾಕಿ, ಕತ್ತರಿಸಿ. ಮೇಲಿನ ಬಟ್ಟೆ ಆ ಕುತ್ತಿಗೆಯ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಕೋಟಿನಂಥ ದಪ್ಪ ಬಟ್ಟೆಗೆ ಕುತ್ತಿಗೆ ಇನ್ನೂ ಉದ್ದ ಬೇಕು, ಆಗ ಎರಡು ಕಡ್ಡಿ ಇಡಬೇಕಾಗುತ್ತದೆ.

ಇಂಥ ಕೆಲಸದ ಗುಣ ಏನೆಂದರೆ, ಸರಿಯಾಯಿತೋ ಇಲ್ಲವೋ ಅಂತ ಅದೇ ಹೇಳುತ್ತದೆ. ಯಾರೂ ಅಂಕ ಕೊಡಬೇಕಾಗಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರು ಆರಿಸಿಕೊಳ್ಳಬೇಕಾದದ್ದು ಇಂಥದ್ದನ್ನೇ.

ಟೈಪಿಂಗ್ ಕೂಡ ಹಾಗೇ. ಕಂಪ್ಯೂಟರಿನ ಕೀಲಿಮಣೆಯನ್ನು ಕಣ್ಣು ಮುಚ್ಚಿ ಸವರಿ ನೋಡಿ. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಗೀರು ಉಬ್ಬಿಕೊಂಡು ಬೆರಳಿಗೆ ತಾಗುತ್ತದೆ. ಎರಡೂ ತೋರುಬೆರಳುಗಳ ಮನೆ ಅದು. ಅಲ್ಲಿ ಇಟ್ಟರೆ ಉಳಿದ ಬೆರಳುಗಳು ತಮ್ಮ ಜಾಗದಲ್ಲಿ ತಾವೇ ಕೂರುತ್ತವೆ. ಫ್ರಾಂಕ್ ಮೆಕ್‌ಗುರಿನ್ ಅನ್ನುವವರು ಕೀಲಿಗಳನ್ನು ನೋಡದೆ ಟೈಪ್ ಮಾಡುವುದನ್ನು ತಾವಾಗಿಯೇ ಕಲಿತಿದ್ದರು. 1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಪಂದ್ಯದಲ್ಲಿ, ನೋಡಿಕೊಂಡು ಟೈಪ್ ಮಾಡುವ ಲೂಯಿ ಟ್ರಾಬ್ ಅವರನ್ನು ಸುಲಭವಾಗಿ ಸೋಲಿಸಿದರು. ಆಮೇಲೆ ಆ ಪದ್ಧತಿಗೆ ಬೆಲೆ ಬಂತು.

ಒಂದು ಎಚ್ಚರಿಕೆ. ಎರಡು ಬೆರಳಿನಲ್ಲಿ ಪಟಪಟ ಕುಟ್ಟುವ ಅಭ್ಯಾಸ ಇರುವವರು ಹತ್ತು ಬೆರಳಿಗೆ ಬದಲಾದರೆ ಮೊದಲು ವೇಗ ಇಳಿಯುತ್ತದೆ. ಸಿಟ್ಟು ಬರುವಷ್ಟು ಇಳಿಯುತ್ತದೆ. ಕಚೇರಿಯಲ್ಲಿ ಕೆಲಸ ತಲೆಯ ಮೇಲೆ ಕೂತಿರುವಾಗ ಈ ಬದಲಾವಣೆ ಯಾರಿಗೂ ಆಗುವುದಿಲ್ಲ. ಅವಸರ ಇಲ್ಲದ ಮನೆಯ ದಿನಗಳೇ ಇದಕ್ಕೆ ಸರಿ. ಹಾಡ್ತಾ ಹಾಡ್ತಾ ರಾಗ ಅಂತ ಗಾದೆಯೇ ಇದೆಯಲ್ಲ.

ಓದಿ ಕಲಿಯುವ ವಿಷಯಗಳಿಗೆ, ಅಂದರೆ ಭಾಷೆ, ಲೆಕ್ಕಪತ್ರ, ಕಾನೂನು ಇಂಥವಕ್ಕೆ, ಬೇರೆ ದಾರಿ ಬೇಕು. ಅಲ್ಲಿಯೂ ಮೋಸ ಹೆಚ್ಚುಕಡಿಮೆ ಅದೇ. ಮತ್ತೆ ಮತ್ತೆ ಓದಿದರೆ ಪುಟ ಪರಿಚಯವಾಗುತ್ತದೆ. ಪರಿಚಯವನ್ನೇ ತಿಳಿವಳಿಕೆ ಅಂದುಕೊಳ್ಳುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿಬಿತ್ತು. ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡ 40, ನೋಡದೆ ಬರೆದವರಿಗೆ ಶೇಕಡ 61. ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನು ಒಂದು ಕಾಗದದ ಮೇಲೆ ಗೀಚಿ, ಆಮೇಲೆ ತೆರೆದು ತಾಳೆ ನೋಡಿ. ಈ ಭಾಷಣ ಮುಗಿದ ಮೇಲೂ ಮಾಡಬಹುದು. ಬೆಂಕಿಕಡ್ಡಿ ಎಲ್ಲಿಟ್ಟೆವು, ಯಾವಾಗ ತೆಗೆದೆವು ಅಂತ ಪಕ್ಕದಲ್ಲಿರುವವರಿಗೆ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅದೇ ಕಲಿಯಬೇಕಾದ ಜಾಗ.

‘ಮನೆಯಲ್ಲಿದ್ದೇನೆ ಅಂದರೆ ಪುರುಸೊತ್ತಿದೆ ಅಂತ ಅರ್ಥವೇ?’ ಅಂತ ಕೆಲವರಾದರೂ ಕೇಳುತ್ತಿರಬಹುದು. ನ್ಯಾಯವಾದ ಮಾತು. ರೋಗಿಯ ಆರೈಕೆಯಲ್ಲಿರುವವರಿಗೆ, ಎಳೆಮಕ್ಕಳಿರುವವರಿಗೆ ಹೊತ್ತು ಸಿಗುವುದು ಚೂರು ಚೂರಾಗಿ. ಆದರೆ ಕೈಕೆಲಸಕ್ಕೆ ಚೂರು ಹೊತ್ತೇ ಸಾಕು. ದಿನಾ ಕಾಲು ಗಂಟೆ ಮಾಡಿದ್ದು, ಭಾನುವಾರ ಒಂದೇ ಪಟ್ಟಿಗೆ ಎರಡು ಗಂಟೆ ಮಾಡಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೇ ಆ ಕಾಲು ಗಂಟೆಯನ್ನು ದಿನದ ಯಾವುದಾದರೂ ಖಾಯಂ ಕೆಲಸದ ಬೆನ್ನಿಗೆ ಕಟ್ಟಿಬಿಡಿ. ಔಷಧಿ ಕೊಟ್ಟ ಮೇಲೆ, ಮಗು ಮಲಗಿದ ಮೇಲೆ, ಹೀಗೆ. ಅಭ್ಯಾಸಗಳು ಹೇಗೆ ಕೂರುತ್ತವೆ ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು ನೋಡಿದ್ದಾರೆ. ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರಿಗೆ ಇನ್ನೂರು ದಿನ ದಾಟಬೇಕು ಅನ್ನುವ ಅಂದಾಜು ಬಂತು. ನಡುಮಟ್ಟ 66 ದಿನ. 21 ದಿನದಲ್ಲಿ ಅಭ್ಯಾಸ ಆಗಿಹೋಗುತ್ತದೆ ಅಂತ ಎಲ್ಲೆಲ್ಲೂ ಹೇಳುತ್ತಾರಲ್ಲ, ಅದನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಸೆ ಆಗಬೇಡಿ. ಅದೇ ಅಧ್ಯಯನದಲ್ಲಿ ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟವೇನೂ ಆಗಲಿಲ್ಲ.

ಮನೆಯಲ್ಲಿ ಒಬ್ಬರೇ ಕೂತು ಕಲಿಯಬಾರದವೂ ಇವೆ. ಕರೆಂಟಿನ ವೈರಿಂಗ್, ಗ್ಯಾಸಿನ ಕೆಲಸ, ಇವು ಬೇಡವೇ ಬೇಡ. ಪ್ರಥಮ ಚಿಕಿತ್ಸೆ ಅರ್ಧ ಕಲಿಯಬಹುದು. ದೊಡ್ಡವರ ಹೃದಯ ನಿಂತಾಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಒಳಗೆ ಹೋಗುವಂತೆ ಒತ್ತಬೇಕು. ಇದನ್ನು ಬಾಯಿಪಾಠ ಮಾಡಬಹುದು, ಮಾಡಿ ಕೂಡ. ಆದರೆ 5 ಸೆಂಟಿಮೀಟರ್ ಅಂದರೆ ಎಷ್ಟು ಬಲ ಅನ್ನುವುದು, ತರಬೇತಿ ಕೊಡುವವರ ಎದುರು ಬೊಂಬೆಯ ಮೇಲೆ ಒತ್ತಿದಾಗಲೇ ಗೊತ್ತಾಗುವುದು. ಹೊರಗೆ ಓಡಾಡಲು ಶುರುವಾದ ಮೇಲೆ ಮೊದಲು ಆ ತರಬೇತಿಗೆ ಹೋಗಿ ಬನ್ನಿ.

ಕೊನೆಗೊಂದು ವಿಷಯ. ಕಾಲು ಸರಿಹೋಗುತ್ತದೆ, ಕೆಲಸ ಸಿಗುತ್ತದೆ, ಕಲಿಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಎಲ್ಲ ಮರೆತುಹೋಯಿತು ಅಂತ ಬೇಸರವಾಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ. ಅವರು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಬಿಟ್ಟು, ಮತ್ತೆ ಕಲಿಯುತ್ತಿದ್ದರು. ತಿಂಗಳ ನಂತರ ಅದೇ ಸಾಲನ್ನು ಮತ್ತೆ ಕಲಿಯುವಾಗಲೂ ಮೊದಲ ಸಲಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು ಶ್ರಮ ಉಳಿಯಿತಂತೆ. ಅರ್ಥವೇ ಇಲ್ಲದ ಅಕ್ಷರಗಳದ್ದೇ ಹೀಗಾದರೆ, ಕೈ ಹಿಡಿದ ಕೆಲಸದ್ದು ಇನ್ನೆಷ್ಟಿರಬೇಡ! ಹಾಗಾಗಿ ಮುಂದಿನ ಸಲ ಮನೆಯಲ್ಲಿ ಕೂರಬೇಕಾಗಿ ಬಂದರೆ ಹೊಸ ಪಟ್ಟಿ ಬರೆಯುವ ಮುಂಚೆ ಹಳೆಯ ಅಟ್ಟ, ಹಳೆಯ ಡ್ರಾಯರ್ ಒಮ್ಮೆ ನೋಡಿ. ಅರ್ಧ ಹೆಣೆದ ಸ್ವೆಟರ್, ಮೂರನೇ ಪಾಠದಲ್ಲಿ ನಿಂತ ಭಾಷೆಯ ಪುಸ್ತಕ, ತಂತಿ ಕಿತ್ತ ಗಿಟಾರ್, ಏನಾದರೊಂದು ಸಿಕ್ಕೇ ಸಿಗುತ್ತದೆ. ಅಲ್ಲಿಂದಲೇ ಶುರು ಮಾಡಿ.

ನಮಸ್ಕಾರ.