ಪ್ರಿಂಟರ್ ಬಿಡುವ ಹಳದಿ ಚುಕ್ಕಿಯಿಂದ ನಕಲಿ ಮತಪತ್ರ ಹಿಡಿಯಬಹುದಾ?

ನಮಸ್ಕಾರ. ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಕಡೆ ಹೋದಾಗ ಯಾವುದಾದರೂ ಅಂಗಡಿಯಲ್ಲಿ ಒಂದು ಕಲರ್ ಲೇಸರ್ ಪ್ರಿಂಟ್ ತೆಗೆಸಿ. ಕತ್ತಲೆಯಲ್ಲಿ ಅದರ ಖಾಲಿ ಅಂಚಿಗೆ ನೀಲಿ ಎಲ್‌ಇಡಿ ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದು ನೋಡಿ.

[ಸ್ಕ್ರೀನ್ ಮೇಲೆ: ಕಾಗದದ ಮೂಲೆ, ತೀರಾ ಹತ್ತಿರದಿಂದ]

ಕಪ್ಪು ಚುಕ್ಕಿ ಕಾಣ್ತಾ ಇದೆಯಾ? ಅವು ಪ್ರಿಂಟರ್ ತಾನಾಗಿ ಹಾಕುವ ಹಳದಿ ಚುಕ್ಕಿಗಳು, ನೀಲಿ ಬೆಳಕಲ್ಲಿ ಕಪ್ಪಾಗಿ ಕಾಣ್ತವೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣದು, ಅದಕ್ಕೇ ಬಿಳಿ ಕಾಗದದ ಮೇಲೆ ಬರಿಗಣ್ಣಿಗೆ ಸಿಗೋದಿಲ್ಲ. ಎಲ್ಲ ಪ್ರಿಂಟರಲ್ಲೂ ಇರಬೇಕೆಂದಿಲ್ಲ. ಕಲರ್ ಪ್ರಿಂಟರಲ್ಲಿ ಖೋಟಾ ನೋಟು ಮಾಡುವವರನ್ನು ಹಿಡಿಯೋಕೆ ಶುರುವಾದ ಉಪಾಯ ಇದು. 2005ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಅಮೆರಿಕದ ಇಎಫ್‌ಎಫ್ ಸಂಸ್ಥೆ ಜೆರಾಕ್ಸ್ ಡಾಕ್ಯುಕಲರ್ ಪ್ರಿಂಟರಿನ ಗುಟ್ಟು ಬಿಡಿಸಿತು: 15 ಕಂಬಸಾಲು, 8 ಅಡ್ಡಸಾಲು, ಅದರೊಳಗೆ ಪ್ರಿಂಟರಿನ ಸೀರಿಯಲ್ ನಂಬರ್, ತಾರೀಕು, ಗಂಟೆ, ನಿಮಿಷ ಎಲ್ಲಾ.

ಅಮೆರಿಕದ ಚುನಾವಣೆಯಲ್ಲಿ ರಷ್ಯಾದ ಹ್ಯಾಕಿಂಗ್ ಬಗ್ಗೆ ಅಲ್ಲಿನ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯ ಒಂದು ರಹಸ್ಯ ವರದಿ 2017ರಲ್ಲಿ ಸೋರಿಕೆಯಾಯಿತು. ಪ್ರಕಟವಾದ ಪುಟದ ಚುಕ್ಕಿ ಓದಿದವರಿಗೆ ಪ್ರಿಂಟ್ ತೆಗೆದ ಸಮಯ ಮೇ 9, ಬೆಳಿಗ್ಗೆ 6:20 ಅಂತ ಸಿಕ್ಕಿತು! ಆದರೆ ತನಿಖೆಯ ದಾಖಲೆ ಹೇಳುವುದು ಬೇರೆ: ಆ ವರದಿಯನ್ನು ಪ್ರಿಂಟ್ ತೆಗೆದಿದ್ದು ಆರೇ ಜನ ಅಂತ ಕಚೇರಿಯ ಲೆಕ್ಕದಿಂದಲೇ ಗೊತ್ತಾಗಿತ್ತು.

ಮತಪತ್ರದಲ್ಲೂ ಹಾಗೇ, ಲೆಕ್ಕವೇ ಮುಖ್ಯ. ನಮ್ಮಲ್ಲಿ ಮತಪತ್ರ ಸಾಮಾನ್ಯವಾಗಿ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ, ಅಂಥದರಲ್ಲಿ ಹಳದಿ ಚುಕ್ಕಿ ಇದ್ದರೆ ಅನುಮಾನ ಪಡಬೇಕು. ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಅಸಲಿ ಅಂತೇನಿಲ್ಲ, ಯಾಕಂದ್ರೆ ಕಳ್ಳನಿಗೂ ಪ್ರೆಸ್ ಸಿಗಬಹುದು. 1961ರ ಚುನಾವಣಾ ನಿಯಮಗಳು ನಂಬಿರೋದು ಬೇರೆಯದನ್ನೇ. ಮತಪತ್ರದ ಹಿಂದೆ ಗುರುತಿನ ಮುದ್ರೆ, ಮತಗಟ್ಟೆ ಅಧಿಕಾರಿಯ ಪೂರ್ತಿ ಸಹಿ, ಆ ಮತಗಟ್ಟೆಗೆ ಕೊಟ್ಟ ಸೀರಿಯಲ್ ನಂಬರ್. ಮತದಾರನ ಗುರುತು ಸಿಗುವಂಥ ಗೀಟು ಏನಾದರೂ ಇದ್ದರೆ ಆ ಮತವೇ ತಿರಸ್ಕೃತ. ಮತಪತ್ರದಲ್ಲಿ ಗುಪ್ತ ಚುಕ್ಕಿ ಹಾಕಿ ಅಂತ ಕೇಳುವವರು ಇದನ್ನು ಯೋಚಿಸಲೇಬೇಕು. ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗೋ ಹಾಗಾದರೆ ಬಡವರು ಧೈರ್ಯವಾಗಿ ಮತ ಹಾಕೋದು ಹೇಗೆ?

ಈಗ ಇವಿಎಂ ಅಲ್ವಾ ಅಂತೀರಾ? ಅಂಚೆ ಮತ ಇನ್ನೂ ಕಾಗದದ್ದೇ. ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯಲ್ಲಿ ಗೆಲುವಿನ ಅಂತರ ಬರೀ 89 ಮತ. ಇಷ್ಟು ಕಮ್ಮಿ ಅಂತರ ಇರುವಲ್ಲಿ ಒಂದೊಂದು ಲಕೋಟೆಯೂ ಲೆಕ್ಕಕ್ಕೆ ಬರುತ್ತದೆ. ಎಣಿಕೆಗೆ ಅಭ್ಯರ್ಥಿಯ ಏಜೆಂಟ್ ಆಗಿ ಹೋಗುವವರು ಮೊದಲು 13ಎ ಘೋಷಣೆ, ಅಂದ್ರೆ ಅಂಚೆ ಮತದಾರ ಸಹಿ ಮಾಡಿ ಕಳಿಸುವ ಹಾಳೆ ನೋಡಿ. ಅದರಲ್ಲಿ ಸಹಿ ಮತ್ತು ದೃಢೀಕರಣ ಇದೆಯಾ, ಅದರಲ್ಲಿ ಬರೆದ ಮತಪತ್ರದ ನಂಬರ್ 13ಬಿ ಲಕೋಟೆಯ (ಮತಪತ್ರ ಇರುವ ಒಳ ಲಕೋಟೆ) ಮೇಲಿನ ನಂಬರಿಗೆ ಹೊಂದುತ್ತದಾ ಅಂತ. ಹೊಂದದಿದ್ದರೆ ಆ ಲಕೋಟೆ ತೆರೆಯೋ ಹಾಗಿಲ್ಲ.