ಮಳೆ ಜೋರಾದರೆ ನಿದ್ದೆ ಯಾಕೆ ಹಾರಿಹೋಗುತ್ತದೆ?

[ದೃಶ್ಯ: ಶಿರೂರಿನ ಹೆದ್ದಾರಿ, ಪಕ್ಕದಲ್ಲಿ ಕಡಿದ ಗುಡ್ಡ. ಮಳೆ ಸದ್ದು.]

ನಮಸ್ಕಾರ. ಉತ್ತರ ಕನ್ನಡದವರಿಗೆ ಮಳೆ ಹೊಸದಲ್ಲ. ಹೆಂಚಿನ ಮೇಲೆ ರಾತ್ರಿಯಿಡೀ ಸುರಿದರೂ ಕಂಬಳಿ ಹೊದ್ದು ಮಲಗುವ ಜನ ನಾವು. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮೂರು ವಾರ ಕಳೆಯುತ್ತಿದ್ದಂತೆ ಕಾರವಾರದ ಹಳೇ ಕಾಳಿ ಸೇತುವೆ ನಡುರಾತ್ರಿ ಹೊಳೆಗೆ ಬಿತ್ತು. ಇಂಥದ್ದನ್ನು ಹತ್ತಿರದಿಂದ ಕಂಡವರಿಗೆ ಆಮೇಲೆ ಬರೀ ಮಳೆ ಸದ್ದಿಗೇ ಎಚ್ಚರವಾಗಬಹುದು. ಎದೆ ಹೊಡೆದುಕೊಳ್ಳಬಹುದು. ಮನೆಯವರು "ಸುಮ್ನೆ ಹೆದರಬೇಡ, ಮಲಗು" ಎನ್ನುತ್ತಾರೆ. ಹೇಳಿದ ಕೂಡಲೇ ನಿದ್ದೆ ಬರುತ್ತದಾ? ಇಲ್ಲ. ಯಾಕೆಂದರೆ ಈ ಎಚ್ಚರ ಧೈರ್ಯಕ್ಕೆ ಸಂಬಂಧಿಸಿದ್ದಲ್ಲ.

[ಚಿತ್ರ: ಮಿದುಳಿನ ಬುಡ, ಎರಡು ನೀಲಿ ಚುಕ್ಕೆ]

ಮಿದುಳಿನ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ನೀಲಿ ಛಾಯೆಯ ನರಕೋಶಗಳ ಎರಡು ಪುಟ್ಟ ಗುಂಪುಗಳಿವೆ. ಹೆಸರು ಲೋಕಸ್ ಸೆರುಲಿಯಸ್. ಕೋಟಿಗಟ್ಟಲೆ ನರಕೋಶಗಳಿರುವ ಮಿದುಳಿನಲ್ಲಿ ಇವು ಕೆಲವು ಹತ್ತು ಸಾವಿರ ಅಷ್ಟೇ. ಆದರೂ ಇವುಗಳ ಎಳೆಗಳು ಹೆಚ್ಚುಕಡಿಮೆ ಇಡೀ ಮಿದುಳಿಗೆ ಹೋಗಿ ನಾರ್‌ಅಡ್ರಿನಲಿನ್ ಎಂಬ ಎಚ್ಚರಿಸುವ ರಾಸಾಯನಿಕ ಸುರಿಸುತ್ತವೆ. ನಾವು ಮಲಗಿದಾಗ ಇವು ನಿಧಾನವಾಗುತ್ತವೆ, ಕನಸಿನ ನಿದ್ದೆಯಲ್ಲಂತೂ ಬಹುತೇಕ ಸುಮ್ಮನಾಗುತ್ತವೆ. 2010ರಲ್ಲಿ ವಿಜ್ಞಾನಿಗಳು ಮಲಗಿದ್ದ ಇಲಿಗಳಲ್ಲಿ ಈ ಕೋಶಗಳನ್ನು ಬೆಳಕಿನಿಂದ ಕೆರಳಿಸಿದರು. ಕೆಲವೇ ಸೆಕೆಂಡುಗಳಲ್ಲಿ ಇಲಿಗಳು ಎದ್ದವು.

ಈಗ ಒತ್ತಡಕ್ಕೆ ಬರೋಣ. ಅಪಾಯ ಕಂಡಾಗ ಮಿದುಳು ಸಿಆರ್‌ಎಫ್ ಎಂಬ ರಾಸಾಯನಿಕವನ್ನು ಬಿಡುತ್ತದೆ. 1981ರಲ್ಲಿ ವಿಜ್ಞಾನಿ ವೈಲಿ ವೇಲ್ ಅವರ ತಂಡ ಇದರ ರಚನೆ ಪತ್ತೆ ಮಾಡಿತು. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುವುದಕ್ಕೆ ಇದೇ ಮೊದಲ ಚಾಲನೆ. ಕಾರ್ಟಿಸಾಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸಿಆರ್‌ಎಫ್ ಹೆಸರು ಎತ್ತುವವರು ಕಡಿಮೆ. ಆದರೆ ಆ ನೀಲಿ ಚುಕ್ಕೆಯ ಕೋಶಗಳನ್ನು ನೇರವಾಗಿ ಎಬ್ಬಿಸುವುದು ಇದೇ. ಅಲ್ಲಿ ಸಂದೇಶ ಹಿಡಿಯುವ ರಿಸೆಪ್ಟರ್‌ಗಳಿಗೆ ಅಂಟಿಕೊಂಡು ಅವುಗಳ ವೇಗ ಹೆಚ್ಚಿಸುತ್ತದೆ.

ಹಾಗಾದರೆ ಇದಕ್ಕೆ ತಡೆ ಇಲ್ಲವೇ? ಇದೆ. ಸಿಆರ್‌ಎಫ್ ಜಾಸ್ತಿಯಾದಾಗ ಕೋಶ ತನ್ನ ಮೈಮೇಲಿನ ರಿಸೆಪ್ಟರ್‌ಗಳನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಕಡಲು ಕೆರಳಿದಾಗ ಮೀನುಗಾರರು ದೋಣಿಯನ್ನು ದಂಡೆಗೆ ಎಳೆದು ಹಾಕುವ ಹಾಗೆ. ರಿಸೆಪ್ಟರ್ ಹೊರಗಿಲ್ಲದಿದ್ದರೆ ಸಂದೇಶ ಮುಟ್ಟುವುದಿಲ್ಲ.

ಕುತೂಹಲದ ಭಾಗ ಇಲ್ಲಿದೆ. ಫಿಲಡೆಲ್ಫಿಯಾದ ವಿಜ್ಞಾನಿಗಳಾದ ಡೆಬ್ರಾ ಬ್ಯಾಂಗಾಸರ್, ರೀಟಾ ವ್ಯಾಲೆಂಟಿನೊ 2010ರಲ್ಲಿ ಇದನ್ನೇ ಗಂಡು ಮತ್ತು ಹೆಣ್ಣು ಇಲಿಗಳಲ್ಲಿ ನೋಡಿದರು. ಇಲಿಗಳನ್ನು ನೀರಿಗೆ ಬಿಟ್ಟು ಈಜಿಸಿ ಒತ್ತಡ ಕೊಟ್ಟರು. ಗಂಡು ಇಲಿಗಳಲ್ಲಿ ರಿಸೆಪ್ಟರ್‌ಗಳು ಒಳಗೆ ಹೋದವು. ಹೆಣ್ಣು ಇಲಿಗಳಲ್ಲಿ ಹೋಗಲಿಲ್ಲ. ಸಾಲದ್ದಕ್ಕೆ ಹೆಣ್ಣು ಇಲಿಗಳ ರಿಸೆಪ್ಟರ್ ಸಂಕೇತವೂ ಹೆಚ್ಚು ಬಲವಾಗಿತ್ತು. ಖಿನ್ನತೆ, ಆಘಾತದ ನಂತರದ ಒತ್ತಡದ ಕಾಯಿಲೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಅದಕ್ಕೆ ಇದೊಂದೇ ಕಾರಣ ಎಂದು ನಾನಂತೂ ಹೇಳುವುದಿಲ್ಲ, ಇಲಿ ಇಲಿಯೇ. ಆದರೆ ದಶಕಗಳ ಕಾಲ ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಗಂಡು ಪ್ರಾಣಿಗಳನ್ನೇ ಬಳಸಿದರಲ್ಲ, ಅದು ದೊಡ್ಡ ಲೋಪ. "ಹೆಂಗಸರು ಹೆದರೋದು ಜಾಸ್ತಿ" ಎಂದು ನಗುವವರು ಇದನ್ನು ಒಮ್ಮೆ ಕೇಳಿಸಿಕೊಳ್ಳಲಿ.

[ಚಿತ್ರ: ಹಣೆಯ ಹಿಂದಿನ ಭಾಗ]

ನಾರ್‌ಅಡ್ರಿನಲಿನ್ ಕೆಟ್ಟದ್ದೇನಲ್ಲ. ಹಣೆಯ ಹಿಂದೆ, ಯೋಚಿಸುವ ಭಾಗದಲ್ಲಿ, ಅದು ಹದವಾಗಿದ್ದರೆ ಆಲ್ಫಾ-2ಎ ರಿಸೆಪ್ಟರ್‌ಗೆ ಕೂರುತ್ತದೆ. ಗಮನ ನಿಲ್ಲುತ್ತದೆ. ವಿಪರೀತ ಆದರೆ ಆಲ್ಫಾ-1 ರಿಸೆಪ್ಟರ್‌ಗೂ ಕೂರುತ್ತದೆ, ಆಗ ಆ ಭಾಗವೇ ಮಂಕಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಈ ಬಗ್ಗೆ ದಶಕಗಳಿಂದ ಕೆಲಸ ಮಾಡಿದ್ದಾರೆ. "ಸ್ವಲ್ಪ ಯೋಚನೆ ಮಾಡು, ಏನೂ ಆಗಲ್ಲ" ಎಂದು ನಡುರಾತ್ರಿ ಸಮಾಧಾನ ಹೇಳಿದರೆ ನಾಟದಿರುವುದು ಇದಕ್ಕೇ. ಯೋಚಿಸಬೇಕಾದ ಜಾಗವೇ ಆಗ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ.

ಆಲ್ಫಾ-1 ಅನ್ನು ತಡೆಯುವ ಮಾತ್ರೆ ಇದೆ, ಪ್ರಜೋಸಿನ್. ಕೊಂಕಣ ಕರಾವಳಿಗೆ ಇದು ಹಳೇ ಪರಿಚಯ. ಕೆಂಪು ಚೇಳು ಕಚ್ಚಿದವರ ಜೀವ ಉಳಿಸಲು ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಬಳಸಿ ಹೆಸರಾದ ಔಷಧಿ ಇದೇ. ಆಘಾತದ ನಂತರದ ಕೆಟ್ಟ ಕನಸುಗಳಿಗೂ ವೈದ್ಯರು ಇದನ್ನು ಕೊಟ್ಟು ನೋಡಿದರು. ಸಣ್ಣ ಪ್ರಯೋಗಗಳಲ್ಲಿ ಚೆನ್ನಾಗಿ ಕಂಡಿತು. 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಸಿಆರ್‌ಎಫ್ ತಡೆಯುವ ಔಷಧಿಗಳೂ ಖಿನ್ನತೆಯಲ್ಲಿ ಹೆಚ್ಚಾಗಿ ಸೋತಿವೆ. ಒಂದು ರಿಸೆಪ್ಟರ್ ಮುಚ್ಚಿದ ಮಾತ್ರಕ್ಕೆ ಎಲ್ಲ ಸರಿಹೋಗುವಷ್ಟು ಸುಲಭ ಅಲ್ಲ ಇದು. ಹಾಗಾಗಿ ನೀವಾಗಿ ಮಾತ್ರೆ ತಗೊಳ್ಳಬೇಡಿ. ಪ್ರಜೋಸಿನ್ ಬಿಪಿಯನ್ನೂ ಇಳಿಸುತ್ತದೆ, ಮೊದಲ ಡೋಸಿಗೇ ತಲೆ ತಿರುಗಿ ಬೀಳಬಹುದು.

ಘಟನೆ ಆಗಿ ತಿಂಗಳು ದಾಟಿದರೂ ನಿದ್ದೆ ಸರಿಹೋಗದಿದ್ದರೆ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಮುಂದೆ ಬರುತ್ತಿದ್ದರೆ, ಮನೋವೈದ್ಯರನ್ನು ಕಾಣಿ. ಮಾತಿನ ಚಿಕಿತ್ಸೆ ಇದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಘಟ್ಟ ಇಳಿದು ಕಾರವಾರಕ್ಕೆ ಬರಲಾಗದವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

[ಪರದೆಯ ಮೇಲೆ: 14416, ದಿನದ 24 ಗಂಟೆ]